ಕರಿಬೇವಿನ ಗಿಡದ ಚಿಟ್ಟೆಗೆ ಎಷ್ಟು ವೇಷ?

(ಪ್ರೌಢಶಾಲೆಯ ಮಕ್ಕಳು, ಪೋಷಕರು ಮತ್ತು ಚಿಟ್ಟೆ ನೋಡುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಹಿತ್ತಲಲ್ಲಿ ಕರಿಬೇವಿನ ಗಿಡ ಇದೆಯಾ? ಇದ್ದರೆ ಒಂದು ದಪ್ಪ ಹಸಿರು ಹುಳು ಎಲೆಯನ್ನೆಲ್ಲ ತಿಂದು ಕಡ್ಡಿ ಮಾತ್ರ ಉಳಿಸಿದ್ದನ್ನು ನೋಡಿರುತ್ತೀರಿ. ಚಿಕ್ಕದಿದ್ದಾಗ ಅದನ್ನು ನೋಡಿದರೆ ಹಕ್ಕಿ ಹಿಕ್ಕೆ ಅಂತಲೇ ಅನ್ನಿಸುತ್ತದೆ. ದೊಡ್ಡದಾದ ಮೇಲೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಹೊರಗೆ ಚಾಚಿ, ಗಾಟು ವಾಸನೆ ಬಿಡುತ್ತದೆ. ನಿಂಬೆ, ಕಿತ್ತಳೆ ಗಿಡಗಳಲ್ಲೂ ಈ ಹುಳು ಸಿಗುತ್ತದೆ. ಇದನ್ನು ಕೊಲ್ಲದೆ ಬಿಟ್ಟರೆ ಬಹಳ ಸಲ ಕಾಮನ್ ಮಾರ್ಮನ್ ಎಂಬ ಚಿಟ್ಟೆ ಹೊರಗೆ ಬರುತ್ತದೆ. ವಿಜ್ಞಾನದಲ್ಲಿ ಅದರ ಹೆಸರು ಪ್ಯಾಪಿಲಿಯೊ ಪಾಲಿಟಿಸ್.

ಇವತ್ತಿನ ಮಾತು ಹೆಚ್ಚಾಗಿ ಈ ಒಂದು ಚಿಟ್ಟೆಯ ಬಗ್ಗೆ. ಅಮೆಜಾನ್ ಕಾಡಿನ ಚಿಟ್ಟೆಗಳ ಬಗ್ಗೆ ಪಠ್ಯಪುಸ್ತಕಗಳು ಸಾಕಷ್ಟು ಹೇಳುತ್ತವೆ. ಆದರೆ ರೆಕ್ಕೆಯ ಬಣ್ಣ ಹೇಗೆ ವಿಕಾಸವಾಯಿತು ಅನ್ನುವುದಕ್ಕೆ ಇಡೀ ಜಗತ್ತಿನಲ್ಲೇ ಬಹಳ ಚೆನ್ನಾಗಿ ಅಧ್ಯಯನವಾಗಿರುವ ಉದಾಹರಣೆಗಳಲ್ಲಿ ಒಂದು ನಮ್ಮ ಒಗ್ಗರಣೆಯ ಗಿಡದಲ್ಲೇ ಬೆಳೆಯುತ್ತದೆ. ಇದು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಮೊದಲು ಗಂಡು ಚಿಟ್ಟೆ. ಕಪ್ಪು ಮೈ, ಕಪ್ಪು ರೆಕ್ಕೆ. ಹಿಂದಿನ ರೆಕ್ಕೆಯಲ್ಲಿ ಅಡ್ಡಕ್ಕೆ ಒಂದು ಸಾಲು ಬಿಳಿ ಮಚ್ಚೆ. ಎಲ್ಲಾ ಗಂಡುಗಳೂ ಹೀಗೇ ಇರುತ್ತವೆ. ಹೆಣ್ಣುಗಳ ವಿಷಯಕ್ಕೆ ಬಂದರೆ ಕಥೆ ಬೇರೆ. ನಮ್ಮ ಕಡೆ ಮೂರು ಬಗೆಯ ಹೆಣ್ಣುಗಳಿವೆ. ಒಂದು ಬಗೆ ಹೆಚ್ಚು ಕಡಿಮೆ ಗಂಡಿನಂತೆಯೇ ಕಾಣುತ್ತದೆ. ಇದಕ್ಕೆ ಸೈರಸ್ ಅನ್ನುತ್ತಾರೆ. ಎರಡನೆಯದು ಸ್ಟಿಕಿಯಸ್. ಅದರ ಹಿಂದಿನ ರೆಕ್ಕೆಯ ನಡುವೆ ದೊಡ್ಡ ಬಿಳಿ ಪಟ್ಟೆ, ಅಂಚಿನಲ್ಲಿ ಕೆಂಪು ಮಚ್ಚೆಗಳು. ಅದು ಕಾಮನ್ ರೋಸ್ ಅನ್ನುವ ಬೇರೊಂದು ಚಿಟ್ಟೆಯ ಪಡಿಯಚ್ಚು. ಮೂರನೆಯದು ರೊಮ್ಯುಲಸ್. ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನದರಲ್ಲಿ ಕೆಂಪು ಚುಕ್ಕೆಗಳ ಸಾಲು. ಅದು ಕ್ರಿಮ್ಸನ್ ರೋಸ್ ಚಿಟ್ಟೆಯ ಹಾಗೆ. ಮೂರೂ ಒಂದೇ ಜಾತಿ. ಮೂರೂ ಅದೇ ಗಂಡುಗಳ ಜೊತೆ ಕೂಡುತ್ತವೆ. ಒಬ್ಬಳೇ ತಾಯಿ ಇಟ್ಟ ಮೊಟ್ಟೆಗಳಿಂದ ಎರಡು ಬಗೆಯ ಹೆಣ್ಣುಮಕ್ಕಳು ಹುಟ್ಟಬಹುದು.

ಇವೆಲ್ಲ ಒಂದೇ ಜಾತಿ ಅನ್ನುವುದು ಮೊದಮೊದಲು ಯಾರಿಗೂ ಹೊಳೆದಿರಲಿಲ್ಲ. ಹಳೆಯ ಸಂಗ್ರಹಕಾರರು ಇವಕ್ಕೆ ಬೇರೆ ಬೇರೆ ಜಾತಿಯ ಹೆಸರು ಕೊಟ್ಟಿದ್ದರು. ಅದನ್ನು ಸರಿಯಾಗಿ ಬಿಡಿಸಿ ಹೇಳಿದವರು ಆಲ್ಫ್ರೆಡ್ ರಸೆಲ್ ವಾಲೇಸ್. ಡಾರ್ವಿನ್ ಜೊತೆಗೆ ನೈಸರ್ಗಿಕ ಆಯ್ಕೆಯ ವಿಚಾರವನ್ನು ಕಂಡುಕೊಂಡ ಅದೇ ವಾಲೇಸ್. ಮಲಯ ದ್ವೀಪಗಳ ಚಿಟ್ಟೆಗಳ ಬಗ್ಗೆ 1865ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಈ ಹೆಣ್ಣುಗಳ ಗುಟ್ಟು ಬಿಚ್ಚಿಟ್ಟರು. ಅದಕ್ಕೆ ಮೂರು ವರ್ಷ ಮೊದಲು, 1862ರಲ್ಲಿ, ಅವರ ಗೆಳೆಯ ಹೆನ್ರಿ ವಾಲ್ಟರ್ ಬೇಟ್ಸ್ ಇಂಥ ಅನುಕರಣೆ ಯಾಕೆ ಹುಟ್ಟುತ್ತದೆ ಅನ್ನುವುದಕ್ಕೆ ಕಾರಣ ಕೊಟ್ಟಿದ್ದರು. ಇಬ್ಬರೂ 1848ರಲ್ಲಿ ಒಟ್ಟಿಗೇ ಅಮೆಜಾನಿಗೆ ಹೋದವರು. ಬೇಟ್ಸ್ ಅಲ್ಲೇ 11 ವರ್ಷ ಉಳಿದರು.

ಬೇಟ್ಸ್ ಕೊಟ್ಟ ಕಾರಣವನ್ನು ನಮ್ಮ ಚಿಟ್ಟೆಗಳಲ್ಲೇ ನೋಡೋಣ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ಹುಳುಗಳು ತಿನ್ನುವುದು ಈಶ್ವರಬಳ್ಳಿ ಮತ್ತು ಅದರ ಹತ್ತಿರದ ಬಳ್ಳಿಗಳನ್ನು. ಆ ಬಳ್ಳಿಗಳಲ್ಲಿ ವಿಷವಿದೆ. ಹುಳು ಆ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಅದು ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಅನುಭವವಿಲ್ಲದ ಹಕ್ಕಿ ಒಮ್ಮೆ ರೋಸ್ ಚಿಟ್ಟೆ ತಿಂದು ಒದ್ದಾಡಿದರೆ ಆ ಕೆಂಪು, ಕಪ್ಪು, ಬಿಳಿ ಬಣ್ಣವನ್ನು ಮರೆಯುವುದಿಲ್ಲ. ಮುಂದೆ ಅಂಥದ್ದನ್ನು ಕಂಡರೆ ಬಿಟ್ಟುಬಿಡುತ್ತದೆ. ಕಾಮನ್ ಮಾರ್ಮನ್ ಮೈಯಲ್ಲಿ ಆ ವಿಷ ಇಲ್ಲ. ಹಕ್ಕಿಗೆ ಅದು ಒಳ್ಳೆಯ ಊಟ. ಆದರೆ ರೋಸ್ ಹಾಗೆ ಕಾಣುವ ಹೆಣ್ಣು ಆ ಭಯದ ನೆರಳಲ್ಲಿ ಬದುಕಿಕೊಳ್ಳುತ್ತದೆ.

ಇದಕ್ಕೊಂದು ಮಿತಿ ಇದೆ. ಮೋಸ ಮಾಡುವವರೇ ಜಾಸ್ತಿಯಾದರೆ ಹಕ್ಕಿಗೆ ಪಾಠ ಕಲಿಸುವವರು ಯಾರು? ಹತ್ತು ಚಿಟ್ಟೆ ತಿಂದರೆ ಎಂಟು ರುಚಿಯಾಗಿದ್ದರೆ ಹಕ್ಕಿ ಹೆದರುವುದಿಲ್ಲ, ಅಲ್ವಾ? ಹಾಗಾಗಿ ಅಸಲಿ ಜಾಸ್ತಿ ಇದ್ದಲ್ಲಿ ನಕಲಿಗೆ ಲಾಭ ಹೆಚ್ಚು. ಜಪಾನಿನ ದಕ್ಷಿಣದ ರ್ಯುಕ್ಯು ದ್ವೀಪಗಳಲ್ಲೂ ಇದೇ ಕಾಮನ್ ಮಾರ್ಮನ್ ಇದೆ. ಅಲ್ಲಿನ ಸಂಶೋಧಕರು ದ್ವೀಪದಿಂದ ದ್ವೀಪಕ್ಕೆ ಹೋಗಿ ಎಣಿಸಿದರು. ಕಾಮನ್ ರೋಸ್ ಹೆಚ್ಚಿರುವ ದ್ವೀಪಗಳಲ್ಲಿ ಅದರ ವೇಷದ ಹೆಣ್ಣುಗಳೂ ಹೆಚ್ಚಿದ್ದವು. ನಮ್ಮಲ್ಲೂ ನೋಡಿ. ಕ್ರಿಮ್ಸನ್ ರೋಸ್ ಇರುವುದು ಹೆಚ್ಚಾಗಿ ಭಾರತದ ಪರ್ಯಾಯ ದ್ವೀಪದಲ್ಲಿ ಮತ್ತು ಶ್ರೀಲಂಕಾದಲ್ಲಿ. ರೊಮ್ಯುಲಸ್ ಹೆಣ್ಣು ಕಾಣುವುದೂ ಮುಖ್ಯವಾಗಿ ಇಲ್ಲೇ.

ಇಲ್ಲಿಯವರೆಗೆ ಹೇಳಿದ್ದು ಯಾಕೆ ಅನ್ನುವುದನ್ನು. ಹೇಗೆ ಅನ್ನುವುದೇ ಹೆಚ್ಚು ಕಷ್ಟದ ಪ್ರಶ್ನೆ. ಒಂದೇ ಜಾತಿಯ ಒಂದೇ ತಾಯಿಯ ಹೊಟ್ಟೆಯಿಂದ ಇಷ್ಟು ಬೇರೆ ಬೇರೆ ರೆಕ್ಕೆಗಳು ಹೇಗೆ ಬರುತ್ತವೆ?

ರೆಕ್ಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಿಟ್ಟೆ ಹಿಡಿದರೆ ಬೆರಳಿಗೆ ಅಂಟುವ ಪುಡಿ ಇದೆಯಲ್ಲ, ಅದು ಸುಮ್ನೆ ಪುಡಿಯಲ್ಲ. ಒಂದೊಂದು ಕಣವೂ ಒಂದೊಂದು ಹುರುಪೆ. ಮಾಡಿಗೆ ಹೆಂಚು ಹೊದಿಸಿದ ಹಾಗೆ ಅವು ಒಂದರ ಮೇಲೊಂದು ಸಾಲಾಗಿ ಕೂತಿರುತ್ತವೆ. ಪ್ರತಿ ಹುರುಪೆಯೂ ಒಂದೇ ಒಂದು ಜೀವಕೋಶದಿಂದ ಬೆಳೆದದ್ದು. ಸಾಮಾನ್ಯವಾಗಿ ಒಂದು ಹುರುಪೆಗೆ ಒಂದೇ ಬಣ್ಣ. ಕಪ್ಪಿಗೆ ಮೆಲನಿನ್ ಕಾರಣ. ನಮ್ಮ ಕೂದಲಿನ ಕಪ್ಪಿಗೂ ಅದೇ. ಕೆಂಪು, ಹಳದಿಗಳಿಗೆ ಬೇರೆ ರಾಸಾಯನಿಕಗಳು. ನೀಲಿ ಮಾತ್ರ ವಿಶೇಷ. ಬಹಳಷ್ಟು ಚಿಟ್ಟೆಗಳಲ್ಲಿ ನೀಲಿ ಬಣ್ಣದ ರಾಸಾಯನಿಕವೇ ಇರುವುದಿಲ್ಲ. ಹುರುಪೆಯ ಪದರಗಳ ರಚನೆಯಿಂದ ಬೆಳಕು ಚೆದುರಿ ನಮ್ಮ ಕಣ್ಣಿಗೆ ನೀಲಿಯಾಗಿ ಕಾಣುತ್ತದೆ.

ಈ ತೀರ್ಮಾನವೆಲ್ಲ ಆಗುವುದು ಪ್ಯೂಪಾದೊಳಗೆ. ಹೊರಗಿನಿಂದ ನೋಡಿದರೆ ಅದು ಅಲ್ಲಾಡದೆ ನೇತಾಡುತ್ತಿರುತ್ತದೆ. ಒಳಗೆ ಒಂದೊಂದು ಜೀವಕೋಶವೂ ತಾನು ಕಪ್ಪಾಗಬೇಕಾ, ಕೆಂಪಾಗಬೇಕಾ, ಬಿಳಿಯಾಗಬೇಕಾ ಅನ್ನುವುದನ್ನು ಗೊತ್ತು ಮಾಡಿಕೊಳ್ಳುತ್ತಿರುತ್ತದೆ. ಎಲ್ಲಾ ಜೀವಕೋಶಗಳಲ್ಲೂ ಇರುವುದು ಅದೇ ಡಿಎನ್‌ಎ. ಯಾವ ಜೀನ್ ಯಾವ ಜಾಗದಲ್ಲಿ, ಯಾವ ಹೊತ್ತಿಗೆ ಕೆಲಸ ಶುರು ಮಾಡುತ್ತದೆ ಅನ್ನುವುದರಿಂದ ಚಿತ್ತಾರ ಮೂಡುತ್ತದೆ.

ಈಗ ತಳಿಯ ಕಥೆಗೆ ಬರುತ್ತೇನೆ. ಸುಮಾರು 1913ರ ಹೊತ್ತಿಗೆ ಫ್ರೈಯರ್ ಅನ್ನುವ ಸಂಶೋಧಕರು ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಕಾಮನ್ ಮಾರ್ಮನ್‌ಗಳನ್ನು ತಲೆಮಾರುಗಳ ಕಾಲ ಸಾಕಿ ಯಾರ ಮಕ್ಕಳು ಹೇಗಿವೆ ಅಂತ ಲೆಕ್ಕ ಇಟ್ಟರು. ಮೆಂಡೆಲ್ ನಿಯಮಗಳು ಮತ್ತೆ ಬೆಳಕಿಗೆ ಬಂದು ಆಗಿನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ವೇಷದ ಹೆಣ್ಣುಗಳ ಲಕ್ಷಣ ಮೆಂಡೆಲ್ ಹೇಳಿದ ರೀತಿಯಲ್ಲೇ ಮಕ್ಕಳಿಗೆ ಇಳಿಯುತ್ತದೆ ಅಂತ ತಿಳಿಯಿತು. ಅಂದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಹೀಗೆ ಜೀನ್‌ನ ಎರಡು ಪ್ರತಿ ಬರುತ್ತವೆ. ಅವುಗಳಲ್ಲಿ ವೇಷದ ಪ್ರತಿ ಪ್ರಬಲ, ಒಂದೇ ಇದ್ದರೂ ಹೆಣ್ಣಿನಲ್ಲಿ ವೇಷ ಕಾಣುತ್ತದೆ. ಗಂಡು ಅದನ್ನು ಹೊತ್ತಿದ್ದರೂ ರೆಕ್ಕೆಯಲ್ಲಿ ತೋರಿಸುವುದಿಲ್ಲ.

ಮುಂದೆ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಸಿರಿಲ್ ಕ್ಲಾರ್ಕ್ ಮತ್ತು ಫಿಲಿಪ್ ಶೆಪರ್ಡ್ ಈ ಕೆಲಸವನ್ನು ಬಹಳ ದೂರ ತೆಗೆದುಕೊಂಡು ಹೋದರು. ಕ್ಲಾರ್ಕ್ ವೃತ್ತಿಯಲ್ಲಿ ವೈದ್ಯರು. ಗಂಡು ಹೆಣ್ಣು ಚಿಟ್ಟೆಗಳನ್ನು ಕೈಯಲ್ಲೇ ಹಿಡಿದು ಕೂಡಿಸುವ ವಿಧಾನವನ್ನು ಅವರು ಚೆನ್ನಾಗಿ ರೂಢಿಸಿಕೊಂಡಿದ್ದರು. ಪಂಜರದಲ್ಲಿ ತಾವಾಗಿ ಕೂಡದ ಚಿಟ್ಟೆಗಳ ತಳಿ ಅಧ್ಯಯನ ಇದರಿಂದ ಸಾಧ್ಯವಾಯಿತು. ಕಾಮನ್ ಮಾರ್ಮನ್ ಬಗ್ಗೆ ಅವರಿಬ್ಬರ ಪ್ರಬಂಧ ಬಂದದ್ದು 1972ರಲ್ಲಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಲೇಬೇಕು. ಚಿಟ್ಟೆ ರೆಕ್ಕೆಯ ತಳಿ ಲೆಕ್ಕಕ್ಕೂ ಮನುಷ್ಯರ ಆರ್‌ಎಚ್ ರಕ್ತದ ಗುಂಪಿನ ಲೆಕ್ಕಕ್ಕೂ ಹೋಲಿಕೆ ಇದೆ ಅಂತ ಕ್ಲಾರ್ಕ್‌ಗೆ ಅನ್ನಿಸಿತು. ಆ ಆಸಕ್ತಿ ಅವರ ತಂಡವನ್ನು ರಕ್ತದ ಸಂಶೋಧನೆಗೆ ಕರೆದುಕೊಂಡು ಹೋಯಿತು. ಆರ್‌ಎಚ್ ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದಾಗ ಕೊಡುವ ಆಂಟಿ-ಡಿ ಇಂಜೆಕ್ಷನ್ ಇದೆಯಲ್ಲ, 1960ರ ದಶಕದಲ್ಲಿ ಅದಕ್ಕೆ ದಾರಿ ಮಾಡಿದ ತಂಡಗಳಲ್ಲಿ ಕ್ಲಾರ್ಕ್ ಅವರದೂ ಒಂದು. ಅದೇ ಹೊತ್ತಿಗೆ ನ್ಯೂಯಾರ್ಕಿನ ಇನ್ನೊಂದು ತಂಡವೂ ಆ ಕೆಲಸ ಮಾಡಿತು. ಇಲ್ಲಿ ಕೂತಿರುವ ಎಷ್ಟೋ ತಾಯಂದಿರು ಆ ಇಂಜೆಕ್ಷನ್ ತೆಗೆದುಕೊಂಡಿರಬಹುದು. ಚಿಟ್ಟೆ ಸಾಕಿ ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ನಾನು ಈ ಕಥೆ ಹೇಳುತ್ತೇನೆ.

ಮತ್ತೆ ರೆಕ್ಕೆಗೆ ಬರೋಣ. ಲೆಕ್ಕದಲ್ಲಿ ಒಂದು ವಿಚಿತ್ರ ಕಂಡಿತ್ತು. ವೇಷ ಅಂದರೆ ಒಂದು ಬದಲಾವಣೆ ಅಲ್ಲ. ಬಿಳಿ ಪಟ್ಟೆ ಬರಬೇಕು, ಅದು ಸರಿಯಾದ ಜಾಗದಲ್ಲಿ ಬರಬೇಕು, ಕೆಂಪು ಮಚ್ಚೆ ಬರಬೇಕು, ಉಳಿದದ್ದು ಕಪ್ಪಾಗಬೇಕು. ಇಷ್ಟೆಲ್ಲ ಬೇರೆ ಬೇರೆ ಜೀನ್‌ಗಳ ಕೆಲಸವಾದರೆ ಮಕ್ಕಳಲ್ಲಿ ಅವು ಚೆಲ್ಲಾಪಿಲ್ಲಿಯಾಗಿ ಅರ್ಧಂಬರ್ಧ ವೇಷದ ಚಿಟ್ಟೆಗಳು ತುಂಬಿಕೊಳ್ಳಬೇಕಿತ್ತು. ಅರ್ಧ ವೇಷ ಹಕ್ಕಿಯ ಮುಂದೆ ನಡೆಯುವುದಿಲ್ಲ. ಆದರೆ ಅಂಥವು ಹುಟ್ಟುವುದೇ ಇಲ್ಲ ಅನ್ನುವಷ್ಟು ಅಪರೂಪ. ಇಡೀ ವೇಷ ಒಂದೇ ಜೀನ್ ಇದ್ದ ಹಾಗೆ ಒಟ್ಟಿಗೇ ಇಳಿಯುತ್ತಿತ್ತು. ಹಾಗಾದರೆ ಹಲವು ಜೀನ್‌ಗಳು ವರ್ಣತಂತುವಿನಲ್ಲಿ ಅಕ್ಕಪಕ್ಕ ಅಂಟಿಕೊಂಡು ಕೂತಿರಬೇಕು, ಹಾಗಾಗಿ ಒಟ್ಟಿಗೇ ಹೋಗುತ್ತವೆ ಅಂತ ಕ್ಲಾರ್ಕ್ ಮತ್ತು ಶೆಪರ್ಡ್ ಭಾವಿಸಿದರು. ಇಂಥ ಗುಂಪಿಗೆ ಸೂಪರ್‌ಜೀನ್ ಅನ್ನುತ್ತಾರೆ. ನೋಡಲು ಬಹಳ ಸಮಂಜಸವಾದ ಊಹೆ. ದಶಕಗಳ ಕಾಲ ಎಲ್ಲರೂ ಅದನ್ನೇ ನಂಬಿದ್ದರು.

2014ರಲ್ಲಿ ಉತ್ತರ ಬಂತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ, ಅಂದರೆ ಎನ್‌ಸಿಬಿಎಸ್‌ನ, ಕೃಷ್ಣಮೇಘ್ ಕುಂಟೆ ಮತ್ತು ಶಿಕಾಗೋ ವಿಶ್ವವಿದ್ಯಾಲಯದ ಮಾರ್ಕಸ್ ಕ್ರಾನ್‌ಫೋರ್ಸ್ಟ್ ಅವರ ತಂಡ ಅದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. ವೇಷದ ಮತ್ತು ವೇಷವಿಲ್ಲದ ಚಿಟ್ಟೆಗಳನ್ನು ಕೂಡಿಸಿ, ಮಕ್ಕಳ ಡಿಎನ್‌ಎ ಹೋಲಿಸಿ, ಹುಡುಕುವ ಜಾಗವನ್ನು ಕಿರಿದು ಮಾಡುತ್ತಾ ಹೋದರು. ಕೊನೆಗೆ ಉಳಿದದ್ದು ಜೀನ್‌ಗಳ ಗುಂಪಲ್ಲ. ಒಂದೇ ಒಂದು ಜೀನ್. ಅದರ ಹೆಸರು ಡಬಲ್‌ಸೆಕ್ಸ್.

ಆ ಹೆಸರು ಕೇಳಿ ಜೀವವಿಜ್ಞಾನಿಗಳಿಗೆ ಯಾಕೆ ಅಷ್ಟು ಆಶ್ಚರ್ಯವಾಯಿತು ಅಂದರೆ, ಅದು ಅವರಿಗೆ ಬಹಳ ಹಳೆಯ ಪರಿಚಯ. ಹಣ್ಣಿನ ನೊಣದಲ್ಲಿ ಮೊದಲೇ ಗೊತ್ತಿದ್ದ ಜೀನ್ ಅದು. ಅದರ ಕೆಲಸ ಕೀಟದ ಮೈ ಗಂಡಿನಂತೆ ಬೆಳೆಯಬೇಕಾ ಹೆಣ್ಣಿನಂತೆ ಬೆಳೆಯಬೇಕಾ ಅಂತ ಗೊತ್ತು ಮಾಡುವುದು. ಗಂಡಿನಲ್ಲಿ ಅದರ ಸಂದೇಶ ಒಂದು ರೀತಿ ಕತ್ತರಿಸಿ ಜೋಡಣೆಯಾಗುತ್ತದೆ, ಹೆಣ್ಣಿನಲ್ಲಿ ಇನ್ನೊಂದು ರೀತಿ. ಹೀಗೆ ಒಂದೇ ಜೀನ್‌ನಿಂದ ಎರಡು ಬಗೆಯ ಪ್ರೋಟೀನ್ ಬರುತ್ತದೆ. ಹಾಗಾದರೆ ವೇಷ ಹೆಣ್ಣಿಗೆ ಮಾತ್ರ ಯಾಕೆ ಅನ್ನುವ ಪ್ರಶ್ನೆಗೂ ಇದರಲ್ಲೇ ಸುಳಿವು ಇತ್ತು. ಗಂಡು ಹೆಣ್ಣಿನ ವ್ಯತ್ಯಾಸ ಮಾಡುವ ಕೆಲಸದಲ್ಲಿ ಮೊದಲಿನಿಂದ ಇದ್ದ ಜೀನ್‌ಗೇ, ಈ ಚಿಟ್ಟೆಯಲ್ಲಿ ರೆಕ್ಕೆಗೆ ಬಣ್ಣ ಹಂಚುವ ಇನ್ನೊಂದು ಕೆಲಸವೂ ಬಂದು ಸೇರಿತು.

ಮರುವರ್ಷ, 2015ರಲ್ಲಿ, ಟೋಕಿಯೊದ ಹರುಹಿಕೊ ಫುಜಿವಾರಾ ಅವರ ತಂಡ ಇನ್ನೊಂದು ಸಾಕ್ಷಿ ಕೊಟ್ಟಿತು. ವೇಷದ ಹೆಣ್ಣಿನ ಪ್ಯೂಪಾದಲ್ಲಿ, ಒಂದು ಬದಿಯ ರೆಕ್ಕೆಯಲ್ಲಿ ಮಾತ್ರ, ಡಬಲ್‌ಸೆಕ್ಸ್ ಜೀನ್‌ನ ವೇಷದ ಪ್ರತಿಯನ್ನು ಅಡಗಿಸಿದರು. ಹೊರಬಂದ ಚಿಟ್ಟೆಯ ಒಂದು ರೆಕ್ಕೆ ರೋಸ್ ವೇಷದಲ್ಲೇ ಇತ್ತು. ಇನ್ನೊಂದು ರೆಕ್ಕೆಯಲ್ಲಿ, ಅಡಗಿಸಿದ ಜಾಗದಲ್ಲೆಲ್ಲ, ವೇಷವಿಲ್ಲದ ಹೆಣ್ಣಿನ ಚಿತ್ತಾರ ಕಾಣಿಸಿಕೊಂಡಿತು. ಒಂದೇ ಚಿಟ್ಟೆ, ಎರಡು ಬಗೆಯ ರೆಕ್ಕೆ. ಈ ಚಿತ್ರವನ್ನು ಮೊದಲ ಸಲ ನೋಡಿದಾಗ ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ವಾಲೇಸ್ ಕಾಲದಿಂದ ಜನ ಕೇಳುತ್ತಿದ್ದ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಸಿಗುವುದು ಅಪರೂಪ.

ಹಾಗಾದರೆ ಕ್ಲಾರ್ಕ್ ಮತ್ತು ಶೆಪರ್ಡ್ ಊಹೆ ಪೂರ್ತಿ ಸುಳ್ಳಾಯಿತಾ? ನನಗೆ ಹಾಗನ್ನಿಸುವುದಿಲ್ಲ. ಹಲವು ಬದಲಾವಣೆಗಳು ಒಟ್ಟಿಗೇ ಇರಬೇಕು ಅನ್ನುವ ಅವರ ತರ್ಕ ಸರಿಯಾಗಿಯೇ ಇತ್ತು. ಆ ಬದಲಾವಣೆಗಳು ಹಲವು ಜೀನ್‌ಗಳಲ್ಲಿ ಹರಡಿರಲಿಲ್ಲ, ಒಂದೇ ಜೀನ್ ಒಳಗೆ ಮತ್ತು ಅದರ ಆಸುಪಾಸಿನಲ್ಲಿ ತುಂಬಿಕೊಂಡಿದ್ದವು. ವೇಷದ ಪ್ರತಿಯನ್ನೂ ಸಾದಾ ಪ್ರತಿಯನ್ನೂ ಹೋಲಿಸಿದರೆ ನೂರಾರು ಕಡೆ ವ್ಯತ್ಯಾಸ ಸಿಗುತ್ತದೆ. ಜೊತೆಗೆ, ವೇಷದ ಪ್ರತಿಯಲ್ಲಿ ವರ್ಣತಂತುವಿನ ಆ ತುಂಡು, ಸುಮಾರು 1,30,000 ಡಿಎನ್‌ಎ ಅಕ್ಷರಗಳಷ್ಟು, ತಲೆಕೆಳಗಾಗಿ ತಿರುಗಿ ಕೂತಿದೆ.

ತಿರುಗಿ ಕೂತರೆ ಏನು ಲಾಭ? ವೀರ್ಯಾಣು ತಯಾರಾಗುವಾಗ ಅಪ್ಪನ ಕಡೆಯ ಮತ್ತು ಅಮ್ಮನ ಕಡೆಯ ವರ್ಣತಂತುಗಳು ಪಕ್ಕಪಕ್ಕ ಬಂದು ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಚಿಟ್ಟೆಗಳಲ್ಲಿ ಇದು ಗಂಡಿನಲ್ಲಿ ಮಾತ್ರ ನಡೆಯುತ್ತದೆ, ಹೆಣ್ಣಿನಲ್ಲಿ ನಡೆಯುವುದಿಲ್ಲ. ಒಂದು ತುಂಡು ಉಲ್ಟಾ ಇದ್ದರೆ ಅಲ್ಲಿ ಎರಡೂ ಹೊಂದಿಕೊಳ್ಳುವುದಿಲ್ಲ. ಅದಲು ಬದಲು ನಿಂತುಹೋಗುತ್ತದೆ. ಹಾಗಾಗಿ ವೇಷಕ್ಕೆ ಬೇಕಾದ ಸಣ್ಣ ಸಣ್ಣ ಬದಲಾವಣೆಗಳೆಲ್ಲ ಚೆದುರದೆ ಉಳಿಯುತ್ತವೆ.

ಇದೇ ಕೊನೆಯ ಮಾತು ಅಂದುಕೊಳ್ಳಬೇಡಿ. ಕಾಮನ್ ಮಾರ್ಮನ್‌ನ ಹತ್ತಿರದ ಸಂಬಂಧಿ ಗ್ರೇಟ್ ಮಾರ್ಮನ್ ಚಿಟ್ಟೆಯಲ್ಲೂ ಹೆಣ್ಣುಗಳ ವೇಷಕ್ಕೆ ಡಬಲ್‌ಸೆಕ್ಸ್ ಜೀನೇ ಕಾರಣ. ಆದರೆ ಅದರಲ್ಲಿ ತುಂಡು ತಿರುಗಿಲ್ಲ. ತಿರುಗದೆಯೂ ಕೆಲಸ ನಡೆಯುತ್ತದೆ ಅಂತಾಯಿತು.

ನನಗೆ ಈ ಇಡೀ ವಿಷಯದಲ್ಲಿ ಬಹಳ ಮುಖ್ಯ ಅನ್ನಿಸುವುದು ಇದು. ಹೊಸ ರೂಪ ಬರಬೇಕಾದರೆ ಹೊಸ ಜೀನ್ ಹುಟ್ಟಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ರೆಕ್ಕೆಗಳು ತೋರಿಸುವುದು ಬೇರೆಯೇ. ಇರುವ ಜೀನ್‌ಗೇ ಹೊಸ ಜಾಗದಲ್ಲಿ, ಹೊಸ ಹೊತ್ತಿನಲ್ಲಿ ಕೆಲಸ ಸಿಗುತ್ತದೆ. ಆಪ್ಟಿಕ್ಸ್ ಅನ್ನುವ ಜೀನ್ ಹಣ್ಣಿನ ನೊಣದಲ್ಲಿ ಕಣ್ಣಿನ ಬೆಳವಣಿಗೆಯಲ್ಲಿ ಇದೆ. ದಕ್ಷಿಣ ಅಮೆರಿಕದ ಹೆಲಿಕೋನಿಯಸ್ ಚಿಟ್ಟೆಗಳಲ್ಲಿ ಅದೇ ಜೀನ್ ರೆಕ್ಕೆಯ ಕೆಂಪನ್ನು ಗೊತ್ತು ಮಾಡುತ್ತದೆ ಅಂತ 2011ರಲ್ಲಿ ತಿಳಿಯಿತು. 2017ರಲ್ಲಿ ಕ್ರಿಸ್ಪರ್ ಅನ್ನುವ ಜೀನ್ ತಿದ್ದುವ ವಿಧಾನ ಬಳಸಿ ಅದನ್ನು ಕೆಡಿಸಿದಾಗ ಕೆಂಪು ಇದ್ದಲ್ಲಿ ಕಪ್ಪು ಬಂತು. ಅಮೆರಿಕದ ಬಕೈ ಚಿಟ್ಟೆಯಲ್ಲಿ ಅದನ್ನೇ ಮಾಡಿದಾಗ, ಕಂದು ರೆಕ್ಕೆಯ ಮೇಲೆ ಹೊಳೆಯುವ ನೀಲಿ ಕಾಣಿಸಿಕೊಂಡಿತು. ಆ ಬಕೈ ನಮ್ಮ ಬ್ಲೂ ಪ್ಯಾನ್ಸಿಯ ಕುಲದ್ದೇ.

ಇನ್ನೊಂದು ಕಥೆ ಇನ್ನೂ ಬಿಸಿಯಾಗಿದೆ. 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಬಂದವು. ಇಂಗ್ಲೆಂಡಿನ ಪೆಪ್ಪರ್ಡ್ ಪತಂಗ ಕಾರ್ಖಾನೆಗಳ ಕಾಲದಲ್ಲಿ ಕಪ್ಪಾದದ್ದು ನಿಮಗೆಲ್ಲ ಪಾಠದಲ್ಲಿ ಗೊತ್ತು. ಅದಕ್ಕೂ, ಹೆಲಿಕೋನಿಯಸ್‌ನ ಹಳದಿ ಪಟ್ಟೆಗೂ ಕಾರ್ಟೆಕ್ಸ್ ಅನ್ನುವ ಜೀನ್ ಕಾರಣ ಅಂತ ಅವು ಹೇಳಿದವು. ಎಲ್ಲರೂ ಒಪ್ಪಿದರು. 2024ರಲ್ಲಿ ಹಲವು ತಂಡಗಳು ಮತ್ತೆ ಪರೀಕ್ಷೆ ಮಾಡಿ, ಜಾಗ ಸರಿ, ಜೀನ್ ಅದಲ್ಲ ಅಂತ ತೋರಿಸಿದವು. ಕಾರ್ಟೆಕ್ಸ್ ಪಕ್ಕದಲ್ಲೇ, ಪ್ರೋಟೀನ್ ತಯಾರಿಸದ ಒಂದು ಉದ್ದದ ಆರ್‌ಎನ್‌ಎ ಇತ್ತು. ಅದಕ್ಕೆ ಐವರಿ ಅಂತ ಹೆಸರು. ಅದರಿಂದ ಕತ್ತರಿಸಿ ಬರುವ ಒಂದು ಪುಟಾಣಿ ಆರ್‌ಎನ್‌ಎ ಕಪ್ಪು ಬಣ್ಣಕ್ಕೆ ಕಾರಣ ಅಂತ ಸಿಂಗಾಪುರದ ತಂಡ ತೋರಿಸಿತು. ಮೊದಲು ಕಾರ್ಟೆಕ್ಸ್ ಬಗ್ಗೆ ಬರೆದವರಲ್ಲೇ ಕೆಲವರು ಈ ತಿದ್ದುಪಡಿಯಲ್ಲೂ ಇದ್ದಾರೆ. ನನಗೆ ಇದು ಬಹಳ ಹಿಡಿಸಿದ ಸಂಗತಿ. ಹಳೆಯ ಪಠ್ಯಗಳಲ್ಲಿ ಕಾರ್ಟೆಕ್ಸ್ ಅಂತಲೇ ಇರಬಹುದು, ಮೇಷ್ಟ್ರುಗಳು ಗಮನಿಸಿ.

ಬಣ್ಣದ ವ್ಯತ್ಯಾಸವೆಲ್ಲ ಜೀನ್ ವ್ಯತ್ಯಾಸವೇ ಆಗಿರಬೇಕಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಸಂಜೆ ಹೊತ್ತು ದೀಪಕ್ಕೆ ಮನೆಯೊಳಗೆ ಬರುವ ಕಂದು ಚಿಟ್ಟೆ, ಕಾಮನ್ ಈವನಿಂಗ್ ಬ್ರೌನ್, ಮಳೆಗಾಲದಲ್ಲಿ ರೆಕ್ಕೆಯ ಕೆಳಬದಿಯಲ್ಲಿ ಸಾಲು ಕಣ್ಣುಗಳನ್ನು ಹೊತ್ತಿರುತ್ತದೆ. ಒಣ ಕಾಲದಲ್ಲಿ ಹುಟ್ಟಿದ್ದು ತರಗೆಲೆಯಂತೆ ಇರುತ್ತದೆ, ಕಣ್ಣುಗಳು ಹೆಚ್ಚು ಕಡಿಮೆ ಮಾಯ. ಇದರ ಆಫ್ರಿಕಾದ ಸಂಬಂಧಿಯಲ್ಲಿ ಕಾರಣ ತಿಳಿದಿದೆ. ಹುಳುವಾಗಿದ್ದಾಗಿನ ಬಿಸಿಲು ಚಳಿಗೆ ತಕ್ಕಂತೆ ಒಂದು ಹಾರ್ಮೋನಿನ ಮಟ್ಟ ಏರುಪೇರಾಗುತ್ತದೆ, ಅದರ ಮೇಲೆ ಕಣ್ಣಿನ ಗಾತ್ರ ನಿಲ್ಲುತ್ತದೆ. ಅದೇ ಡಿಎನ್‌ಎ, ಬೇರೆ ಕಾಲ, ಬೇರೆ ರೆಕ್ಕೆ.

ಈಗ ಪ್ರಶ್ನೆಗಳು.

ಒಬ್ಬ ಹುಡುಗಿ ಕೇಳಿದಳು: "ವೇಷದಿಂದ ಅಷ್ಟು ಲಾಭ ಇದ್ದರೆ ಗಂಡು ಯಾಕೆ ಹಾಕಿಕೊಳ್ಳುವುದಿಲ್ಲ, ಸಾರ್?"

ಒಳ್ಳೆಯ ಪ್ರಶ್ನೆ ಕಣಮ್ಮಾ. ಹೆಣ್ಣು ಮೊಟ್ಟೆ ಹೊತ್ತು ಭಾರವಾಗಿರುತ್ತದೆ. ಮೊಟ್ಟೆ ಇಡಲು ಗಿಡ ಹುಡುಕುತ್ತಾ ನಿಧಾನವಾಗಿ ಸುತ್ತಬೇಕು. ಹಕ್ಕಿಗೆ ಸಿಕ್ಕಿಬೀಳುವುದು ಅದೇ ಜಾಸ್ತಿ. ರೆಕ್ಕೆಯಲ್ಲಿ ಉಳಿದ ಕೊಕ್ಕಿನ ಗುರುತುಗಳನ್ನು ಎಣಿಸಿ ಇದನ್ನು ನೋಡಿದ್ದಾರೆ. ಗಂಡಿನ ಬಣ್ಣ ಹೆಣ್ಣಿಗೆ ಗುರುತು ಸಿಗಬೇಕು ಅನ್ನುವುದೂ ಒಂದು ವಾದ. ಇನ್ನೊಂದು, ನಕಲಿಗಳ ಸಂಖ್ಯೆ ಹೆಚ್ಚಾದರೆ ಲಾಭ ಕಡಿಮೆಯಾಗುತ್ತದೆ ಅಂತ ಆಗಲೇ ಹೇಳಿದೆನಲ್ಲ.

ಹಿರಿಯರೊಬ್ಬರು ಕೇಳಿದರು: "ವೇಷದ ಜೀನ್ ಪ್ರಬಲ ಅಂದರೆ, ಕಾಲ ಕಳೆದಂತೆ ಎಲ್ಲಾ ಹೆಣ್ಣುಗಳೂ ವೇಷದವೇ ಆಗಬೇಕಲ್ಲವೇ?"

ಪ್ರಬಲ ಅಂದರೆ ಒಂದೇ ಪ್ರತಿ ಇದ್ದರೂ ಲಕ್ಷಣ ಕಾಣುತ್ತದೆ ಅಂತ, ಅಷ್ಟೇ. ಅದು ತಾನಾಗಿ ಹರಡುತ್ತದೆ ಅಂತ ಅರ್ಥವಲ್ಲ. ಹರಡುವುದೂ ಕುಗ್ಗುವುದೂ ಆ ಲಕ್ಷಣ ಇರುವವರು ಎಷ್ಟು ಬದುಕಿ ಎಷ್ಟು ಮಕ್ಕಳನ್ನು ಬಿಡುತ್ತಾರೆ ಅನ್ನುವುದರ ಮೇಲೆ ಇದೆ.

ಗುರುತಿಸುವುದು ಹೇಗೆ ಅಂತ ಹಲವರು ಕೇಳಿದರು. ರೆಕ್ಕೆ ಬಿಡಿ, ಮೈ ನೋಡಿ. ಅಸಲಿ ರೋಸ್ ಚಿಟ್ಟೆಗಳ ಮೈ ಕೆಂಪು. ವೇಷದ ಮಾರ್ಮನ್ ಮೈ ಕಪ್ಪು.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು: "ಮಕ್ಕಳ ಜೊತೆ ಮನೆಯಲ್ಲೇ ಇದನ್ನು ಮಾಡಿ ನೋಡಬಹುದಾ?"

ಖಂಡಿತ. ಔಷಧಿ ಹೊಡೆಯದ ಎಲೆ ಇದ್ದರೆ ಸಾಕು. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು ಬೇಕು. ಹೆಣ್ಣು ಮೊಟ್ಟೆ ಇಡುವುದನ್ನು ನೀವೇ ಕಣ್ಣಾರೆ ನೋಡಿ, ಅದು ಯಾವ ಬಗೆ ಅಂತ ಬರೆದಿಟ್ಟುಕೊಳ್ಳಿ. ಹೊರಬಂದ ಹೆಣ್ಣುಮಕ್ಕಳು ಯಾವ ಬಗೆ ಅಂತಲೂ ಬರೆಯಿರಿ, ಆಮೇಲೆ ಹಾರಿಬಿಡಿ. ತಾಯಿ ವೇಷದವಳಾಗಿದ್ದು ಮಗಳು ಸೈರಸ್ ಆದರೆ, ತಾಯಿಯಲ್ಲಿ ಎರಡೂ ಬಗೆಯ ಪ್ರತಿ ಇತ್ತು ಅಂತಾಯಿತು. ತಾಯಿ ಸೈರಸ್ ಆಗಿದ್ದು ಮಗಳು ರೋಸ್ ವೇಷದಲ್ಲಿ ಬಂದರೆ, ಆ ಜೀನ್ ಬಂದದ್ದು ಅಪ್ಪನಿಂದ. ಅವನ ರೆಕ್ಕೆಯಲ್ಲಿ ಅದರ ಗುರುತೇ ಇರಲಿಲ್ಲ.